ಸಂಸತ್ತಿನ ಸ್ಥಾಯಿ ಸಮಿತಿಗಳ ಕಾರ್ಯವಿಧಾನ: ಸಾರ್ವಜನಿಕರಿಗೆ ಮಾಹಿತಿ

ಹಾಸನ ತಾಲ್ಲೂಕಿನ ಕೊರವಂಗಲದಲ್ಲಿರುವ, ಕ್ರಿ.ಶ. 1173ರ ಹೊಯ್ಸಳ ಶೈಲಿಯ ಬೂಚೇಶ್ವರ ದೇವಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯನ್ವಯ ಇಂತಹ ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವೂ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವೂ ಆಗಿರುತ್ತದೆ. ಈ ವ್ಯಾಪ್ತಿಯ ನಿವಾಸಿಗಳು ತಮ್ಮ ಕೋರಿಕೆಗಳನ್ನು ಎಲ್ಲಿ ಸಲ್ಲಿಸಬೇಕು ಹಾಗೂ ಸಂಸತ್ತಿನ ಸಮಿತಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರಚನೆ

ಇಲಾಖಾ ಸಂಬಂಧಿತ ಸ್ಥಾಯಿ ಸಮಿತಿಗಳ ವ್ಯವಸ್ಥೆಯು 1993ರಲ್ಲಿ 17 ಸಮಿತಿಗಳೊಂದಿಗೆ ಜಾರಿಗೆ ಬಂದಿತು. 2004ರಲ್ಲಿ ಇವುಗಳ ಸಂಖ್ಯೆಯನ್ನು 24ಕ್ಕೆ ಹೆಚ್ಚಿಸಲಾಯಿತು. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21 ಹಾಗೂ ರಾಜ್ಯಸಭೆಯ 10, ಒಟ್ಟು 31 ಸದಸ್ಯರಿರುತ್ತಾರೆ. ಸಚಿವರು ಸದಸ್ಯರಾಗುವಂತಿಲ್ಲ. ಪುರಾತತ್ವ ಇಲಾಖೆಯ ವಿಷಯಗಳು ಸಾರಿಗೆ, ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಸಮಿತಿಯ ವ್ಯಾಪ್ತಿಗೆ ಒಳಪಡುತ್ತವೆ.

ಕಾರ್ಯಗಳು

ಸಚಿವಾಲಯಗಳ ಅನುದಾನ ಬೇಡಿಕೆ, ಸಮಿತಿಗೆ ಒಪ್ಪಿಸಲಾದ ವಿಧೇಯಕ, ವಾರ್ಷಿಕ ವರದಿ ಮತ್ತು ದೀರ್ಘಾವಧಿ ನೀತಿಗಳನ್ನು ಸಮಿತಿಯು ಪರಿಶೀಲಿಸುತ್ತದೆ. ಅಧಿಕಾರಿಗಳನ್ನು ಕರೆಸಿ ಸಾಕ್ಷ್ಯ ಪಡೆಯುತ್ತದೆ. ಸಭೆಗಳು ಗೋಪ್ಯವಾಗಿ ನಡೆಯುತ್ತವೆ. ವರದಿಯು ಸದನದಲ್ಲಿ ಮಂಡನೆಯಾದ ನಂತರ ಸಾರ್ವಜನಿಕ ದಾಖಲೆಯಾಗುತ್ತದೆ.

ಉದಾಹರಣೆಗೆ, ಸ್ಮಾರಕಗಳ ರಕ್ಷಣೆ ಕುರಿತು 2022ರಲ್ಲಿ ಮಂಡಿಸಲಾದ ವರದಿಯಿಂದ, ದೇಶದ 3,693 ಕೇಂದ್ರ ಸಂರಕ್ಷಿತ ಸ್ಮಾರಕಗಳ ಪೈಕಿ 248 ಸ್ಥಳಗಳಲ್ಲಿ ಮಾತ್ರ ಭದ್ರತಾ ಸಿಬ್ಬಂದಿ ಇದ್ದ ಸಂಗತಿ ಬೆಳಕಿಗೆ ಬಂದಿತು. ಒಂದು ಗ್ರಾಮದ ಕೊರತೆಯಂತೆ ತೋರುವುದು ಇಡೀ ದೇಶದ ಕೊರತೆಯೂ ಆಗಿರಬಹುದು. ಅದನ್ನು ಒಟ್ಟಾಗಿ ಪರಿಶೀಲಿಸುವುದೇ ಸಮಿತಿಯ ಕೆಲಸ.

ಮಿತಿಗಳು

ಸಮಿತಿಯು ಅನುಮತಿ ನೀಡುವ ಪ್ರಾಧಿಕಾರವಲ್ಲ. ದೈನಂದಿನ ಆಡಳಿತದ ವಿಷಯಗಳನ್ನು ಅದು ಪರಿಗಣಿಸುವಂತಿಲ್ಲ. ಅದರ ಶಿಫಾರಸುಗಳು ಸಲಹಾ ಸ್ವರೂಪದವು. ಆದರೂ, ಸರ್ಕಾರವು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೈಗೊಂಡ ಕ್ರಮದ ಬಗ್ಗೆ ಉತ್ತರ ಸಲ್ಲಿಸಬೇಕು. ಒಪ್ಪದಿದ್ದಲ್ಲಿ ಕಾರಣ ತಿಳಿಸಬೇಕು.

ಸಾರ್ವಜನಿಕರ ಗಮನಕ್ಕೆ

1. ಮನೆಯ ದುರಸ್ತಿ ಅಥವಾ ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇರೆಗೆ ತೀರ್ಮಾನ ಕೈಗೊಳ್ಳಲಾಗುತ್ತದೆ. ಸಮಿತಿಗೆ ಬರೆದ ಪತ್ರವು ಈ ಅರ್ಜಿಗೆ ಬದಲಿಯಾಗುವುದಿಲ್ಲ.

2. ಕಾನೂನಿನಿಂದಲೇ ತೊಂದರೆಯಿದ್ದಲ್ಲಿ, ವಿಧೇಯಕದ ಬಗ್ಗೆ ಸಮಿತಿಯು ಪ್ರಕಟಣೆ ಹೊರಡಿಸಿ ಅಭಿಪ್ರಾಯ ಆಹ್ವಾನಿಸಿದಾಗ ನಿಗದಿತ ದಿನಾಂಕದೊಳಗೆ ಲಿಖಿತ ಮನವಿ ಸಲ್ಲಿಸಬಹುದು.

3. ಕೇಂದ್ರ ಸರ್ಕಾರದ ವ್ಯಾಪ್ತಿಯ ಸಾರ್ವಜನಿಕ ವಿಷಯಗಳಿಗೆ ಸಂಸತ್ತಿನ ಅರ್ಜಿಗಳ ಸಮಿತಿಯೂ ಇದೆ. ಕನ್ನಡದ ಅರ್ಜಿಯೊಂದಿಗೆ, ಅರ್ಜಿದಾರರ ಸಹಿಯುಳ್ಳ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಲಗತ್ತಿಸಬೇಕು. ನ್ಯಾಯಾಲಯದ ಪರಿಶೀಲನೆಯಲ್ಲಿರುವ ವಿಷಯಗಳನ್ನು ಅಂಗೀಕರಿಸಲಾಗುವುದಿಲ್ಲ.