ವಿಮಾನ ನಿಲ್ದಾಣದಿಂದ ಗೋಕರ್ಣದ ಕಡಲತೀರಕ್ಕೆ: ವಾಹನ ಆಯ್ಕೆಯ ಕುರಿತು ಪ್ರವಾಸಿಗರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಗೋಕರ್ಣವು ಯಾತ್ರಾಸ್ಥಳವಾಗಿಯೂ ಕಡಲತೀರದ ವಿಹಾರತಾಣವಾಗಿಯೂ ಪ್ರಸಿದ್ಧವಾಗಿದೆ. ಮಹಾಬಲೇಶ್ವರ ದೇವಾಲಯದ ದರ್ಶನಕ್ಕೆ ಬರುವ ಭಕ್ತಾದಿಗಳ ಜೊತೆಗೆ ಕುಡ್ಲೆ, ಓಂ, ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿಗೆಂದು ಬರುವ ಪ್ರವಾಸಿಗರ ಸಂಖ್ಯೆಯೂ ದೊಡ್ಡದು. ಆದರೆ ಜಿಲ್ಲೆಯಲ್ಲಿ ನಾಗರಿಕ ವಿಮಾನ ಸಂಚಾರವಿರುವ ನಿಲ್ದಾಣವಿಲ್ಲ. ವಿಮಾನದಲ್ಲಿ ಬರುವವರು ಗೋವಾ, ಹುಬ್ಬಳ್ಳಿ ಅಥವಾ ಮಂಗಳೂರಿನಲ್ಲಿ ಇಳಿದು ಅಲ್ಲಿಂದ ರಸ್ತೆ ಅಥವಾ ರೈಲು ಮಾರ್ಗವಾಗಿ ಮುಂದುವರಿಯಬೇಕಾಗುತ್ತದೆ. ವಿಮಾನದ ಟಿಕೆಟ್ ದರವನ್ನು ವಾರಗಟ್ಟಲೆ ಗಮನಿಸಿ ಖರೀದಿಸುವವರು ಈ ಕೊನೆಯ ಹಂತದ ಬಗ್ಗೆ ನಿಲ್ದಾಣದ ಹೊರಬಾಗಿಲಿಗೆ ಬಂದ ನಂತರವಷ್ಟೇ ಯೋಚಿಸುವುದು ಸಾಮಾನ್ಯವಾಗಿದೆ. ಟಿಕೆಟ್‌ನಲ್ಲಿ ಉಳಿಸಿದ ಹಣ ಅಲ್ಲಿಯೇ ಕೈಬಿಡುತ್ತದೆ.

ಯಾವ ನಿಲ್ದಾಣ ಅನುಕೂಲ

ಗೋವಾ ರಾಜ್ಯದಲ್ಲಿ ಎರಡು ವಿಮಾನ ನಿಲ್ದಾಣಗಳಿವೆ ಎಂಬುದನ್ನು ಮೊದಲು ಗಮನಿಸತಕ್ಕದ್ದು. ದಾಬೋಲಿಂ ನಿಲ್ದಾಣವು ವಾಸ್ಕೋ ಸಮೀಪದಲ್ಲಿ ನೌಕಾಪಡೆಯ ನೆಲೆಯೊಳಗಿದೆ. ಪೆರ್ಣೆಂ ತಾಲ್ಲೂಕಿನ ಮೋಪಾದಲ್ಲಿರುವ ಮನೋಹರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2023ರ ಜನವರಿ 5ರಿಂದ ವಿಮಾನ ಸಂಚಾರ ಆರಂಭವಾಯಿತು. ಟಿಕೆಟ್‌ನಲ್ಲಿ ದಾಬೋಲಿಂಗೆ ಜಿಓಐ ಎಂದೂ, ಮೋಪಾಕ್ಕೆ ಜಿಓಎಕ್ಸ್ ಎಂದೂ ಸಂಕೇತಾಕ್ಷರಗಳಿರುತ್ತವೆ. ‘ಗೋವಾ’ ಎಂಬ ಹೆಸರನ್ನು ಮಾತ್ರ ನೋಡಿ ಟಿಕೆಟ್ ಪಡೆದವರಿಗೆ ವ್ಯತ್ಯಾಸ ತಿಳಿಯುವುದು ಟ್ಯಾಕ್ಸಿ ಬಾಡಿಗೆ ಕೇಳಿದಾಗ. ದಾಬೋಲಿಂನಿಂದ ಗೋಕರ್ಣ ಸುಮಾರು 150 ಕಿ.ಮೀ. ದೂರದಲ್ಲಿದ್ದರೆ, ಮೋಪಾದಿಂದ ಈ ಅಂತರ ಸುಮಾರು 190 ಕಿ.ಮೀ. ಆಗುತ್ತದೆ.

ಹುಬ್ಬಳ್ಳಿಯಿಂದಲೂ ದೂರ ಸುಮಾರು 150 ಕಿ.ಮೀ. ಆಗಿರುತ್ತದೆ. ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮಾರ್ಗವಾಗಿ ಬರಬೇಕು. ರಾಜ್ಯದ ಗಡಿ ದಾಟುವ ಪ್ರಮೇಯವಿಲ್ಲದಿರುವುದು ಈ ಮಾರ್ಗದ ದೊಡ್ಡ ಅನುಕೂಲ. ಘಟ್ಟದಲ್ಲಿ ಭಾರಿ ಲಾರಿಗಳ ಸಂಚಾರವಿರುವುದು ಅನನುಕೂಲ. ಮಂಗಳೂರಿನಿಂದ ಸುಮಾರು 230 ಕಿ.ಮೀ. ಕ್ರಮಿಸಬೇಕಾದುದರಿಂದ, ಗೋಕರ್ಣವೊಂದಕ್ಕೇ ಬರುವವರಿಗೆ ಅದು ಮೊದಲ ಆಯ್ಕೆಯಲ್ಲ. ಮಲ್ಪೆ, ಪಡುಬಿದ್ರಿ, ಮುರುಡೇಶ್ವರ ನೋಡಿಕೊಂಡು ಬರುವವರಿಗೆ ಮಾತ್ರ ಅದು ಸೂಕ್ತ.

ಬಾಡಿಗೆಯ ಲೆಕ್ಕ

ಟ್ಯಾಕ್ಸಿ ಬಾಡಿಗೆಯ ವಿಷಯದಲ್ಲಿ ಉಂಟಾಗುವ ಹೆಚ್ಚಿನ ತಕರಾರುಗಳಿಗೆ ಕಾರಣ ಕಿಲೋಮೀಟರ್ ದರವಲ್ಲ, ಎಷ್ಟು ಕಿಲೋಮೀಟರ್‌ಗೆ ದರ ವಿಧಿಸಲಾಗುತ್ತದೆ ಎಂಬುದು. ಪ್ರಯಾಣಿಕರನ್ನು ಇಳಿಸಿದ ನಂತರ ವಾಹನ ಖಾಲಿಯಾಗಿ ಹಿಂದಿರುಗಬೇಕಾಗಿರುವುದರಿಂದ, ಹೊರಊರಿನ ಬಾಡಿಗೆಗೆ ಸಾಮಾನ್ಯವಾಗಿ ಎರಡೂ ಕಡೆಯ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕೆಲವು ಮಾಲೀಕರು ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ ದೂರವನ್ನು ನಿಗದಿಪಡಿಸಿರುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಆದರೆ ಮೊದಲೇ ತಿಳಿದಿರಬೇಕು.

ಉದಾಹರಣೆಗಾಗಿ ಮಾತ್ರ, ಕಿ.ಮೀ.ಗೆ 16 ರೂ. ದರವೆಂದು ಇಟ್ಟುಕೊಳ್ಳಬಹುದು. ದಾಬೋಲಿಂನಿಂದ 150 ಕಿ.ಮೀ. ಎಂದು ಲೆಕ್ಕ ಹಾಕಿದ ಪ್ರಯಾಣಿಕರು 2,400 ರೂ. ಸಿದ್ಧವಿಟ್ಟುಕೊಂಡಿರುತ್ತಾರೆ. ಎರಡೂ ಕಡೆಯ 300 ಕಿ.ಮೀ.ಗೆ 4,800 ರೂ., ಚಾಲಕರ ಭತ್ಯೆ 400 ರೂ., ಟೋಲ್ ಹಾಗೂ ಪಾರ್ಕಿಂಗ್ ಸೇರಿ 300 ರೂ. ಎಂದಾದರೆ ಒಟ್ಟು 5,500 ರೂ. ಆಗುತ್ತದೆ. ನಾಲ್ವರು ಇದ್ದಲ್ಲಿ ತಲಾ 1,375 ರೂ., ಒಬ್ಬರೇ ಇದ್ದಲ್ಲಿ ಪೂರ್ತಿ ಮೊತ್ತ ಅವರದೇ. ಆದುದರಿಂದ ಒಬ್ಬಿಬ್ಬರು ಪ್ರಯಾಣಿಸುವಾಗ ರೈಲು, ಕುಟುಂಬ ಸಮೇತ ಲಗೇಜಿನೊಂದಿಗೆ ಬರುವಾಗ ಟ್ಯಾಕ್ಸಿ ಎಂಬುದು ಒಟ್ಟಾರೆ ಸರಿಹೊಂದುವ ಲೆಕ್ಕ. ಟ್ಯಾಕ್ಸಿಯನ್ನು ಗೊತ್ತುಪಡಿಸುವ ಮೊದಲು ಹೇಳಿದ ಮೊತ್ತದಲ್ಲಿ ಟೋಲ್, ಭತ್ಯೆ, ಅಂತರರಾಜ್ಯ ತೆರಿಗೆ, ಜಿ.ಎಸ್.ಟಿ. ಹಾಗೂ ರಾತ್ರಿ ಶುಲ್ಕ ಸೇರಿವೆಯೇ ಎಂದು ಕೇಳಿ, ಉತ್ತರವನ್ನು ಮೊಬೈಲ್ ಸಂದೇಶದ ರೂಪದಲ್ಲಿ ಪಡೆದುಕೊಳ್ಳುವುದು ಸೂಕ್ತ. ವಿಮಾನ ತಡವಾದರೆ ಕಾಯುವಿಕೆಗೆ ಎಷ್ಟು ಶುಲ್ಕ ಎಂಬುದನ್ನೂ ಆಗಲೇ ಕೇಳತಕ್ಕದ್ದು.

ಗೋವಾದ ಎರಡೂ ನಿಲ್ದಾಣಗಳಲ್ಲಿ ಪ್ರೀಪೇಯ್ಡ್ ಟ್ಯಾಕ್ಸಿ ಕೌಂಟರ್‌ಗಳಿವೆ. ಬೆಂಗಳೂರಿನಲ್ಲಿ ದಿನನಿತ್ಯ ಬಳಸುವ ಆ್ಯಪ್ ಅಲ್ಲಿಯೂ ಕೆಲಸ ಮಾಡುವುದೆಂದು ನಂಬಿ ಬರಬಾರದು. ಗೋವಾದಲ್ಲಿ 2018ರಿಂದ ಗೋವಾಮೈಲ್ಸ್ ಎಂಬ ಪ್ರತ್ಯೇಕ ಆ್ಯಪ್ ಆಧಾರಿತ ಸೇವೆ ಇರುತ್ತದೆ. ಕೌಂಟರ್‌ನ ರಸೀದಿಯಲ್ಲಿ ತಲುಪಬೇಕಾದ ಸ್ಥಳ ‘ಗೋಕರ್ಣ’ ಎಂದೇ ನಮೂದಾಗಿರಬೇಕು. ‘ಕಾರವಾರ’ ಅಥವಾ ‘ಗಡಿಯವರೆಗೆ’ ಎಂದಿದ್ದಲ್ಲಿ ಉಳಿದ ದೂರಕ್ಕೆ ದಾರಿಯಲ್ಲಿ ಚೌಕಾಸಿ ಮಾಡಬೇಕಾದೀತು.

ಪರವಾನಗಿ ಮತ್ತು ವಿಮೆ

ನಿಲ್ದಾಣದ ಹೊರಗೆ ಕಡಿಮೆ ದರಕ್ಕೆ ಬರುವುದಾಗಿ ಕರೆಯುವ ವಾಹನಗಳಲ್ಲಿ ಬಿಳಿ ಫಲಕದ ಖಾಸಗಿ ಕಾರುಗಳೂ ಇರಬಹುದು. ಮೋಟಾರು ವಾಹನಗಳ ಕಾಯ್ದೆ 1988ರ ಪ್ರಕರಣ 66ರನ್ವಯ ಬಾಡಿಗೆಗೆ ಪ್ರಯಾಣಿಕರನ್ನು ಸಾಗಿಸಲು ರಹದಾರಿ ಅವಶ್ಯ. ಬಾಡಿಗೆ ವಾಹನದ ಫಲಕ ಹಳದಿಯಾಗಿದ್ದು ಅಕ್ಷರಗಳು ಕಪ್ಪಾಗಿರುತ್ತವೆ. ವಿದ್ಯುತ್ ಚಾಲಿತ ಬಾಡಿಗೆ ವಾಹನವಾದರೆ ಹಸಿರು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. ಇದು ಕೇವಲ ಬಣ್ಣದ ವಿಷಯವಲ್ಲ. ಖಾಸಗಿ ವಾಹನದ ವಿಮಾ ಪಾಲಿಸಿಯು ಬಾಡಿಗೆ ಬಳಕೆಗೆ ಅನ್ವಯಿಸುವುದಿಲ್ಲ. ಅಪಘಾತ ಸಂಭವಿಸಿದಲ್ಲಿ ಪಾಲಿಸಿಯ ಷರತ್ತು ಉಲ್ಲಂಘನೆಯಾಗಿದೆ ಎಂದು ವಿಮಾ ಕಂಪನಿ ತಕರಾರು ಎತ್ತಬಹುದು. ಗಾಯಾಳುಗಳ ಕುಟುಂಬದವರು ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಧಿಕರಣಕ್ಕೆ ಅಲೆಯಬೇಕಾಗಬಹುದು. ಐನೂರು, ಸಾವಿರ ರೂಪಾಯಿ ಉಳಿತಾಯಕ್ಕಾಗಿ ಈ ಅಪಾಯಕ್ಕೆ ಒಳಗಾಗುವುದು ಲಾಭದ ವ್ಯವಹಾರವಲ್ಲ.

ಗೋವಾದಿಂದ ಬರುವ ಟ್ಯಾಕ್ಸಿಗೆ ಅಖಿಲ ಭಾರತ ಪ್ರವಾಸಿ ರಹದಾರಿ ಇದೆಯೇ ಎಂದು ವಿಚಾರಿಸುವುದು ಅಗತ್ಯ. ಗಡಿಯು ಗೋವಾದ ಪೋಳೆಂ ಹಾಗೂ ಕಾರವಾರ ತಾಲ್ಲೂಕಿನ ಮಾಜಾಳಿಯ ನಡುವೆ ಇದ್ದು, ಅಲ್ಲಿ ವಾಹನಗಳ ತಪಾಸಣೆ ನಡೆಯುತ್ತದೆ. ಗೋವಾದಲ್ಲಿ ಖರೀದಿಸಿದ ಮದ್ಯವನ್ನು ಪರವಾನಗಿ ಇಲ್ಲದೆ ರಾಜ್ಯದೊಳಗೆ ತರುವುದು ಅಬಕಾರಿ ಕಾಯ್ದೆಯನ್ವಯ ಅಪರಾಧವಾಗಿರುತ್ತದೆ. ವಾಹನವನ್ನು ತಡೆದಾಗ ಜೊತೆಯಲ್ಲಿರುವ ಮಕ್ಕಳು, ಹಿರಿಯರು ಕೂಡ ರಸ್ತೆಬದಿಯಲ್ಲಿ ಕಾಯಬೇಕಾಗುತ್ತದೆ ಎಂಬುದನ್ನು ಪ್ರಯಾಣಿಕರು ನೆನಪಿಡಬೇಕು.

ತಾವೇ ಚಲಾಯಿಸುವ ಬಾಡಿಗೆ ಕಾರು, ಸ್ಕೂಟರ್‌ಗಳ ಫಲಕ ಕಪ್ಪಾಗಿದ್ದು ಅಕ್ಷರಗಳು ಹಳದಿಯಾಗಿರುತ್ತವೆ. ಇಂಥ ವಾಹನವನ್ನು ರಾಜ್ಯದ ಗಡಿ ದಾಟಿಸಲು ಅನುಮತಿ ಇದೆಯೇ ಎಂಬುದನ್ನು ಮಾಲೀಕರಿಂದ ಲಿಖಿತವಾಗಿ ಪಡೆಯತಕ್ಕದ್ದು.

ರೈಲು ಮತ್ತು ಬಸ್ಸು

ದಾಬೋಲಿಂನಲ್ಲಿ ಇಳಿದವರು ಸುಮಾರು 25 ಕಿ.ಮೀ. ದೂರದ ಮಡಗಾಂವ್ ಜಂಕ್ಷನ್‌ಗೆ ಬಂದು ಕೊಂಕಣ ರೈಲ್ವೆಯಲ್ಲಿ ಸುಮಾರು ಎರಡು ಗಂಟೆಯಲ್ಲಿ ಗೋಕರ್ಣ ರೋಡ್ ನಿಲ್ದಾಣ ತಲುಪಬಹುದು. ಅಲ್ಲಿಂದ ಪಟ್ಟಣಕ್ಕೆ ಹತ್ತು ಕಿ.ಮೀ.ನಷ್ಟು ದೂರವಿದ್ದು, ಆಟೋರಿಕ್ಷಾ ಬೇಕಾಗುತ್ತದೆ. ಎಲ್ಲ ಎಕ್ಸ್‌ಪ್ರೆಸ್ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲ. ನಿಲುಗಡೆ ಇಲ್ಲದಿದ್ದಲ್ಲಿ ಅಂಕೋಲಾ ಅಥವಾ ಕುಮಟಾದಲ್ಲಿ ಇಳಿಯಬಹುದು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯು ರೈಲುಗಳ ವೇಗವನ್ನು ಕಡಿಮೆ ಮಾಡಿ ಪ್ರತ್ಯೇಕ ವೇಳಾಪಟ್ಟಿಯನ್ನು ಜಾರಿಗೊಳಿಸುವುದರಿಂದ, ಹಳೆಯ ಸಮಯವನ್ನು ನಂಬಿ ನಿಲ್ದಾಣಕ್ಕೆ ಹೋಗಬಾರದು.

ಗೋವಾದ ಎರಡೂ ವಿಮಾನ ನಿಲ್ದಾಣಗಳಿಂದ ಕದಂಬ ಸಾರಿಗೆ ನಿಗಮದ ಬಸ್ಸುಗಳಿವೆ. ಕಾರವಾರ, ಅಂಕೋಲಾ, ಕುಮಟಾ ಹಾಗೂ ಗೋಕರ್ಣದ ನಡುವೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಸಂಚರಿಸುತ್ತವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಅನ್ವಯಿಸುತ್ತದೆ, ಐಷಾರಾಮಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಗುರುತಿನ ಚೀಟಿಯನ್ನು ಲಗೇಜಿನ ಅಡಿಯಲ್ಲಿಡದೆ ಕೈಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮಳೆಗಾಲ ಮತ್ತು ರಾತ್ರಿ ಪ್ರಯಾಣ

ಗೋವಾದಿಂದ ಬರುವವರೆಲ್ಲರೂ ರಾಷ್ಟ್ರೀಯ ಹೆದ್ದಾರಿ 66ನ್ನೇ ಅವಲಂಬಿಸಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿ ಸಂಭವಿಸಿತು ಹಾಗೂ ಹೆದ್ದಾರಿ ಸಂಚಾರ ಸ್ಥಗಿತಗೊಂಡಿತು. ಅದೇ ವರ್ಷ ಆಗಸ್ಟ್ 7ರ ಬೆಳಗಿನ ಜಾವ ಕಾರವಾರ ಮತ್ತು ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಯಾಣಿಸುವವರು ಹೊರಡುವ ದಿನ ಜಿಲ್ಲಾಡಳಿತದ ಪ್ರಕಟಣೆಗಳನ್ನು ಹಾಗೂ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಗಮನಿಸತಕ್ಕದ್ದು. ರೆಡ್ ಅಲರ್ಟ್ ಇದ್ದಲ್ಲಿ ಘಟ್ಟವನ್ನಾಗಲಿ ಕರಾವಳಿ ಹೆದ್ದಾರಿಯನ್ನಾಗಲಿ ರಾತ್ರಿ ವೇಳೆ ದಾಟುವ ಯೋಚನೆಯನ್ನು ಕೈಬಿಡುವುದು ಕ್ಷೇಮ.

ಸಂಜೆ ಏಳರ ನಂತರ ಇಳಿಯುವ ವಿಮಾನದಲ್ಲಿ ಬರುವವರು ಮಡಗಾಂವ್‌ನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ರಾತ್ರಿ ತಂಗಿ ಬೆಳಿಗ್ಗೆ ಹೊರಡುವುದು, ಒಂದು ಕೊಠಡಿಯ ಬಾಡಿಗೆ ಹೆಚ್ಚಾದರೂ, ಉತ್ತಮ ಮಾರ್ಗ. ಅನಿವಾರ್ಯವಾಗಿ ರಾತ್ರಿಯೇ ಹೊರಡುವುದಾದರೆ ವಾಹನದ ಸಂಖ್ಯೆ ಹಾಗೂ ಚಾಲಕರ ದೂರವಾಣಿ ಸಂಖ್ಯೆಯನ್ನು ಮನೆಯವರಿಗೆ ಕಳುಹಿಸಬೇಕು. 2019ರ ಜನವರಿ 1ರಿಂದ ನೋಂದಣಿಯಾದ ಟ್ಯಾಕ್ಸಿಗಳಲ್ಲಿ ತುರ್ತು ಗುಂಡಿ ಅಳವಡಿಸುವುದು ಕಡ್ಡಾಯವಾಗಿದೆ. ಹತ್ತಿ ಕುಳಿತ ಕೂಡಲೇ ಅದು ಎಲ್ಲಿದೆ ಎಂದು ನೋಡಿಕೊಳ್ಳುವುದು ಅಗತ್ಯ.

ವಾಹನ ಎಲ್ಲಿಯವರೆಗೆ ಹೋಗುತ್ತದೆ

ಓಂ ಮತ್ತು ಕುಡ್ಲೆ ತೀರಗಳ ಬಳಿ ರಸ್ತೆ ಮೇಲ್ಭಾಗದಲ್ಲಿಯೇ ಕೊನೆಗೊಳ್ಳುತ್ತದೆ. ಅಲ್ಲಿಂದ ಮೆಟ್ಟಿಲಿಳಿದು ಹೋಗಬೇಕು. ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿಗೆ ಗುಡ್ಡದ ಕಾಲುದಾರಿ ಅಥವಾ ದೋಣಿಯೇ ಗತಿ, ಮಳೆಗಾಲದಲ್ಲಿ ದೋಣಿಯೂ ಇರುವುದಿಲ್ಲ. ಹಿರಿಯರು ಹಾಗೂ ಚಕ್ರದ ಸೂಟ್‌ಕೇಸ್ ತರುವವರು ವಸತಿಗೃಹದವರನ್ನು ‘ಕಾರು ಬಾಗಿಲವರೆಗೆ ಬರುತ್ತದೆಯೇ’ ಎಂದು ನೇರವಾಗಿ ಕೇಳಬೇಕು.

ದೂರು ಸಲ್ಲಿಸುವ ಬಗ್ಗೆ

ಒಪ್ಪಿದ ಮೊತ್ತಕ್ಕಿಂತ ಹೆಚ್ಚು ವಸೂಲಿ ಮಾಡಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ರಹದಾರಿ ಇಲ್ಲದ ವಾಹನದ ಬಗ್ಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೂ ದೂರು ಸಲ್ಲಿಸಬಹುದು. ಪ್ರವಾಸಿ ಸಹಾಯವಾಣಿ 1363 ಹಾಗೂ ತುರ್ತು ಸಂದರ್ಭದಲ್ಲಿ 112 ಲಭ್ಯವಿರುತ್ತದೆ. ದೂರಿನೊಂದಿಗೆ ವಾಹನದ ನೋಂದಣಿ ಸಂಖ್ಯೆ, ದಿನಾಂಕ, ಹತ್ತಿದ ಸ್ಥಳ ಹಾಗೂ ಹಣ ಪಾವತಿಸಿದ ರಸೀದಿ ಇರತಕ್ಕದ್ದು. ನಗದಾಗಿ ಪಾವತಿಸಿ ರಸೀದಿ ಪಡೆಯದ ಪ್ರಕರಣಗಳಲ್ಲಿ ಹೆಚ್ಚುವರಿ ವಸೂಲಿಯನ್ನು ಸಾಬೀತುಪಡಿಸುವುದು ಕಷ್ಟವಾಗುವುದರಿಂದ, ಮೊತ್ತವನ್ನು ಯುಪಿಐ ಅಥವಾ ಕಾರ್ಡ್ ಮೂಲಕ ಪಾವತಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.