ಚಕ್ಕೋತ ತಿಂದರೆ ಕಿಡ್ನಿ ಸರಿಹೋಗುತ್ತದೆಯೇ?

‘ಚಕ್ಕೋತ ಕಿಡ್ನಿಗೆ ಒಳ್ಳೇದು, ದಿನಾ ತಿನ್ನಿ ಅಣ್ಣ’ ಎಂಬ ಮಾತು ದೇವನಹಳ್ಳಿ ಕಡೆ ಹೊಸದಲ್ಲ. ಈಗ ಅದಕ್ಕೆ ‘ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ’ ಎಂಬ ಬಾಲವೂ ಅಂಟಿಕೊಂಡಿದೆ.

ಪ್ರಯೋಗ ನಡೆದಿರುವುದು ನಿಜ. ಚಕ್ಕೋತ ಬಿಡಿಸುವಾಗ ಸಿಪ್ಪೆಯ ಒಳಗೆ ಸಿಗುವ ದಪ್ಪ ಬಿಳಿ ಪದರವನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿ. ಆ ಕಹಿ ಮುಖ್ಯವಾಗಿ ನಾರಿಂಜಿನ್‌ನದು. ಜೆಂಟಮೈಸಿನ್‌ನಂಥ ಔಷಧಿ ಹೆಚ್ಚು ಕೊಟ್ಟು ಇಲಿಯ ಮೂತ್ರಪಿಂಡ ಕೆಡಿಸಿ, ಜೊತೆಗೇ ನಾರಿಂಜಿನ್ ಕೊಟ್ಟಾಗ ಉರಿಯೂತ ತಗ್ಗಿದೆ, ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಅಷ್ಟಾಗಿ ಏರಿಲ್ಲ. ಆದರೆ ಆ ಇಲಿ ಮೊನ್ನೆಯವರೆಗೂ ಗಟ್ಟಿಮುಟ್ಟಾಗಿತ್ತು. ಏಟು ಬೀಳುವಾಗಲೇ ಅದಕ್ಕೆ ಗುರಾಣಿಯೂ ಸಿಕ್ಕಿತು. ಹತ್ತು ಹದಿನೈದು ವರ್ಷ ಶುಗರ್, ಬಿಪಿಯಿಂದ ಸದ್ದಿಲ್ಲದೆ ಸವೆದ ಮನುಷ್ಯನ ಕಿಡ್ನಿಯ ಕಥೆಯೇ ಬೇರೆ. ಇಲಿಗೆ ಕೊಟ್ಟದ್ದು ತೂಕ ಹಾಕಿದ ನಾರಿಂಜಿನ್. ನಾವಾದರೋ ಕಹಿ ಪದರವನ್ನು ಎಸೆದು ತೊಳೆ ತಿನ್ನುತ್ತೇವೆ.

‘ಗುಣವಾಗದಿದ್ದರೆ ಬೇಡ, ಕೆಟ್ಟದ್ದಂತೂ ಆಗಲ್ಲವಲ್ಲ?’ ನನಗೆ ಭಯ ಹುಟ್ಟಿಸುವುದು ಈ ಮಾತೇ. 600 ಗ್ರಾಂ ತೊಳೆಯಲ್ಲಿ ಸುಮಾರು 1,300 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಅಂದರೆ ಮೂರು ಬಾಳೆಹಣ್ಣಿನಷ್ಟು. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪೀತು. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಇನ್ನೊಂದು ಗಂಡಾಂತರ. ಅವರು ನುಂಗುವ ಟ್ಯಾಕ್ರೊಲಿಮಸ್ ಎಂಬ ಔಷಧಿ ಕರುಳಿನಲ್ಲಿ ಒಡೆಯದಂತೆ ಚಕ್ಕೋತ ತಡೆಯುತ್ತದೆ. ರಕ್ತದಲ್ಲಿ ಔಷಧಿ ಅಳತೆ ಮೀರಿದರೆ, ಕಾಪಾಡಬೇಕಾದ ಹೊಸ ಕಿಡ್ನಿಗೇ ಅದು ವಿಷ.

ಹಳೆಯ ನಂಬಿಕೆಯಲ್ಲಿ ತಥ್ಯವೇ ಇಲ್ಲವೆಂದಲ್ಲ. ನಿಂಬೆಯ ಕುಲದ ಹಣ್ಣುಗಳ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಕಲ್ಲು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಕಲ್ಲಿನ ತೊಂದರೆಗೆ ಹೇಳಿದ ಮಾತನ್ನು ಕಿಡ್ನಿ ವೈಫಲ್ಯಕ್ಕೂ ಹೊಂದಿಸಿಬಿಟ್ಟೆವು, ಅಷ್ಟೆ. ಕಿಡ್ನಿ ಚೆನ್ನಾಗಿರುವವರು ಚಕ್ಕೋತವನ್ನು ಉಪ್ಪು ಖಾರ ಹಚ್ಚಿ ಸಂತೋಷವಾಗಿ ತಿನ್ನಲಿ. ಭೌಗೋಳಿಕ ಸೂಚಕ ಪಡೆದ ನಮ್ಮೂರ ಹಣ್ಣದು.

ಇಲಿಯ ಪ್ರಯೋಗ ನೋಡಿ ‘ಪ್ರಾಣಿಗಳಿಗೆ ಒಳ್ಳೆಯದು’ ಎನ್ನುವುದೂ ಅರ್ಧ ಮಾತೇ. ದ್ರಾಕ್ಷಿ ಬೀಜದ ಸಾರ ಇಲಿಯ ಕಿಡ್ನಿಯನ್ನು ಕಾಯುತ್ತದೆ ಎಂದು ಪ್ರಯೋಗಗಳು ಹೇಳಿದರೆ, ಅದೇ ದ್ರಾಕ್ಷಿ ನಾಯಿಯ ಕಿಡ್ನಿಯನ್ನು ಎರಡು ಮೂರು ದಿನದಲ್ಲಿ ಕೆಡಿಸಬಲ್ಲದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು 2021ರಲ್ಲಿ ಪಶುವೈದ್ಯರು ಬರೆದರು. ದೊಡ್ಡಬಳ್ಳಾಪುರ, ದೇವನಹಳ್ಳಿಯ ದ್ರಾಕ್ಷಿ ತೋಟಗಳಲ್ಲಿ ಕಾವಲಿಗೆ ನಾಯಿ ಕಟ್ಟುವವರು ಉದುರಿದ ಹಣ್ಣನ್ನು ಆರಿಸಿ ದೂರ ಹಾಕಬೇಕು. ನಾಯಿ ತಿಂದದ್ದು ಕಂಡರೆ ವಾಂತಿಯಾಗುವವರೆಗೆ ಕಾಯದೆ, ಆಗಿಂದಾಗಲೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.