ಎಥನಾಲಿಗೆ ಅಗ್ಗದ ಲೋಹದ ವೇಗವರ್ಧಕ: ಹೂಡಿಕೆಗೆ ಮುನ್ನ ಒಂದು ಲೆಕ್ಕಾಚಾರ

ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶವು 2025ರಲ್ಲಿ ತಲುಪಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಿಗೆ ಎಥನಾಲ್ ಇಂದು ಮುಖ್ಯ ಆದಾಯಮೂಲಗಳಲ್ಲೊಂದು. ಇಂತಹ ಸಂದರ್ಭದಲ್ಲಿ ಎಥನಾಲನ್ನು ಉರಿಸದೆಯೇ ವಿದ್ಯುತ್ತನ್ನಾಗಿ ಮಾರ್ಪಡಿಸಬಹುದು, ಅದಕ್ಕೆ ಪ್ಲಾಟಿನಂ ಬೇಕಿಲ್ಲ, ನಿಕಲ್ ಸಾಕು ಎಂಬ ಮಾತು ಉದ್ಯಮಿಗಳ ಕಿವಿಗೆ ಬೀಳುವುದು ಸಹಜ. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಲೆಕ್ಕದ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ವೇಗವರ್ಧಕದ ಪಾತ್ರ

ಇಂಧನ ಕೋಶದಲ್ಲಿ ಎಥನಾಲ್ ಉತ್ಕರ್ಷಣೆಗೊಂಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ಹೊರಗಿನ ತಂತಿಯಲ್ಲಿ ಹರಿದಾಗ ನಮಗೆ ವಿದ್ಯುತ್ ದೊರೆಯುತ್ತದೆ. ತಾನು ವ್ಯಯವಾಗದೆ ಈ ಕ್ರಿಯೆಯನ್ನು ತ್ವರಿತಗೊಳಿಸುವ ಪದಾರ್ಥವೇ ವೇಗವರ್ಧಕ. ಪ್ಲಾಟಿನಂ ಮತ್ತು ಪಲ್ಲಾಡಿಯಂ ಈ ಕೆಲಸಕ್ಕೆ ಹೆಸರಾದವು, ಆದರೆ ದುಬಾರಿ. ಅಲ್ಲದೆ, ಕ್ರಿಯೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂ ಮೇಲ್ಮೈಗೆ ಅಂಟಿಕೊಂಡು ಅದನ್ನು ಮಂದಗೊಳಿಸುತ್ತದೆ. ಆದುದರಿಂದ ಅದೇ ಸಂಕ್ರಮಣ ಲೋಹಗಳ ಕುಟುಂಬಕ್ಕೆ ಸೇರಿದ, ಬೆಲೆಯಲ್ಲಿ ಅಗ್ಗವಾದ ನಿಕಲ್, ಕೋಬಾಲ್ಟ್, ತಾಮ್ರ, ಕಬ್ಬಿಣಗಳತ್ತ ಸಂಶೋಧಕರು ಗಮನ ಹರಿಸಿದ್ದಾರೆ.

ಹನ್ನೆರಡರ ಬದಲು ನಾಲ್ಕು

ಎಥನಾಲಿನ ಅಣುವಿನಲ್ಲಿರುವ ಎರಡು ಇಂಗಾಲದ ಪರಮಾಣುಗಳ ಬಂಧ ಮುರಿದು ಅದು ಸಂಪೂರ್ಣವಾಗಿ ಇಂಗಾಲದ ಡೈಆಕ್ಸೈಡ್ ಆದರೆ 12 ಎಲೆಕ್ಟ್ರಾನುಗಳು ದೊರೆಯುತ್ತವೆ. ಬಂಧ ಮುರಿಯದೆ ಅಸಿಟಿಕ್ ಆಮ್ಲದ ಹಂತದಲ್ಲೇ ನಿಂತರೆ ದೊರೆಯುವುದು 4 ಮಾತ್ರ. ಕ್ಷಾರ ದ್ರಾವಣದಲ್ಲಿ ನಿಕಲ್ ಮಾತ್ರವಲ್ಲ, ಪಲ್ಲಾಡಿಯಂ ಕೂಡ ಬಹುಮಟ್ಟಿಗೆ ಈ ಹಂತದಲ್ಲೇ ನಿಲ್ಲುತ್ತದೆ.

ಇದರ ಪರಿಣಾಮವನ್ನು ರೂಪಾಯಿಗಳಲ್ಲಿ ನೋಡೋಣ. ಕೋಶವು 0.5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ, ಎಥನಾಲಿನ ಬೆಲೆ ಲೀಟರಿಗೆ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಪೂರ್ಣ ಉತ್ಕರ್ಷಣೆಯಾದರೆ ಒಂದು ಲೀಟರಿನಿಂದ ಸುಮಾರು 2.75 ಯೂನಿಟ್ ವಿದ್ಯುತ್. ಅಸಿಟಿಕ್ ಆಮ್ಲದಲ್ಲಿ ನಿಂತರೆ 0.92 ಯೂನಿಟ್. ಅಂದರೆ ಇಂಧನದ ವೆಚ್ಚವೊಂದೇ ಯೂನಿಟ್ಟಿಗೆ 22 ರೂಪಾಯಿಯಿಂದ 65 ರೂಪಾಯಿಗೆ ಏರುತ್ತದೆ. ವೇಗವರ್ಧಕವನ್ನು ಪುಕ್ಕಟೆಯಾಗಿ ಕೊಟ್ಟರೂ ಈ ಅಂತರ ತುಂಬುವುದಿಲ್ಲ.

ನಿಕಲ್‌ನ ಮಿತಿ

ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಕ್ಷಾರ ದ್ರಾವಣದಲ್ಲಿ ನಿಕಲ್ ಮೊದಲು ಆಕ್ಸಿಹೈಡ್ರಾಕ್ಸೈಡ್ ರೂಪ ತಾಳಿ, ಅನಂತರವೇ ಆಲ್ಕೊಹಾಲನ್ನು ಉತ್ಕರ್ಷಿಸುತ್ತದೆ ಎಂಬುದನ್ನು ಫ್ಲೈಶ್‌ಮನ್ ಮತ್ತು ಸಹೋದ್ಯೋಗಿಗಳು 1971ರಲ್ಲೇ ವಿವರಿಸಿದ್ದರು. ಇದಕ್ಕೆ ಹೈಡ್ರೋಜನ್ ಮಾಪಕದಲ್ಲಿ ಸುಮಾರು 1.35 ವೋಲ್ಟ್ ಬೇಕು. ಇಂಧನ ಕೋಶದ ಆಮ್ಲಜನಕದ ಬದಿಯಿಂದ ಸಿದ್ಧಾಂತದ ಪ್ರಕಾರ ಸಿಗುವುದೇ ಹೆಚ್ಚೆಂದರೆ 1.23 ವೋಲ್ಟ್. ಜಮೆಗಿಂತ ಖರ್ಚು ಹೆಚ್ಚು. ಆದುದರಿಂದ ನಿಕಲ್ ಒಂದನ್ನೇ ನಂಬಿ ವಿದ್ಯುತ್ ಉತ್ಪಾದಿಸಲಾಗದು. ಪಲ್ಲಾಡಿಯಂ ಜೊತೆಗೂಡಿಸಿ, ಆ ದುಬಾರಿ ಲೋಹದ ಪ್ರಮಾಣವನ್ನು ತಗ್ಗಿಸುವುದಕ್ಕೆ ಮಾತ್ರ ಅದು ನೆರವಾಗಬಲ್ಲದು.

ಹೈಡ್ರೋಜನ್ ತಯಾರಿಕೆಯಲ್ಲಿ

ನಿಕಲ್‌ಗೆ ಹೊಂದುವ ಕ್ಷೇತ್ರ ಬೇರೆಯೇ ಇದೆ. ಹೊರಗಿನಿಂದ ವಿದ್ಯುತ್ ಹಾಯಿಸಿ ನೀರಿನಿಂದ ಹೈಡ್ರೋಜನ್ ಪಡೆಯುವಾಗ, ಒಂದು ವಿದ್ಯುದಗ್ರದಲ್ಲಿ ಆಮ್ಲಜನಕ ಬಿಡುಗಡೆಯಾಗುವ ಬದಲು ಎಥನಾಲ್ ಉತ್ಕರ್ಷಣೆಗೊಂಡರೆ ವೋಲ್ಟೇಜ್ ತಗ್ಗುತ್ತದೆ. 0.2 ವೋಲ್ಟ್ ಉಳಿದರೆ ಪ್ರತಿ ಕಿಲೋ ಹೈಡ್ರೋಜನ್‌ಗೆ ಸುಮಾರು 5.3 ಯೂನಿಟ್ ಉಳಿತಾಯ. ಆದರೆ ಅದೇ ಒಂದು ಕಿಲೋಗೆ ಸುಮಾರು 14.5 ಲೀಟರ್ ಎಥನಾಲ್ ಮತ್ತು 10 ಕಿಲೋ ಕಾಸ್ಟಿಕ್ ಸೋಡಾ ಖರ್ಚಾಗುತ್ತವೆ. ಸುಮಾರು 20 ಕಿಲೋ ಸೋಡಿಯಂ ಅಸಿಟೇಟ್ ದೊರೆಯುತ್ತದೆ. ಎಥನಾಲಿನ ಬಾಬ್ತೇ 870 ರೂಪಾಯಿ. ಹೀಗಾಗಿ ಇಲ್ಲಿ ಲಾಭ-ನಷ್ಟವನ್ನು ನಿರ್ಧರಿಸುವುದು ವಿದ್ಯುತ್ತಿನ ಉಳಿತಾಯವಲ್ಲ. ಬಟ್ಟೆಗೆ ಬಣ್ಣ ಹಾಕುವ ಮತ್ತು ಚರ್ಮ ಹದಮಾಡುವ ಘಟಕಗಳು ಕೊಳ್ಳುವ ಅಸಿಟೇಟ್‌ನ ಮಾರಾಟ ಬೆಲೆ ಹಾಗೂ ಅದನ್ನು ದ್ರಾವಣದಿಂದ ಬೇರ್ಪಡಿಸುವ ಖರ್ಚು.

ಶೇಷ ಮೌಲ್ಯದ ಪ್ರಶ್ನೆ

ಲೆಕ್ಕಪತ್ರ ಮಾನಕ 10ರ ಪ್ರಕಾರ ಸವಕಳಿಯನ್ನು ಗಣಿಸುವುದು ಕೊಂಡ ಬೆಲೆಯಿಂದ ಶೇಷ ಮೌಲ್ಯವನ್ನು ಕಳೆದು, ಉಳಿದುದನ್ನು ಉಪಯುಕ್ತ ಆಯುಷ್ಯಕ್ಕೆ ಹಂಚಿ. ಬಳಸಿದ ಪ್ಲಾಟಿನಂನ ಬಹುಭಾಗವನ್ನು ಶುದ್ಧೀಕರಿಸಿ ಮರಳಿ ಪಡೆಯಬಹುದು. ತೆಳುವಾಗಿ ಲೇಪಿಸಿದ ನಿಕಲ್‌ಗೆ ಅಂತಹ ಮೌಲ್ಯ ಉಳಿಯುವುದಿಲ್ಲ. ಆದುದರಿಂದ ಕೊಳ್ಳುವ ಬೆಲೆಗಳನ್ನಷ್ಟೇ ಹೋಲಿಸುವುದು ಸರಿಯಾಗದು. ಅಗ್ಗದ ಲೋಹದ ಧಾರಣೆಯೂ ಸ್ಥಿರವಲ್ಲ: 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕಲ್ ಟನ್ನಿಗೆ 1,00,000 ಡಾಲರ್ ದಾಟಿ, ವಹಿವಾಟನ್ನೇ ಸ್ಥಗಿತಗೊಳಿಸಬೇಕಾಯಿತು.

ಕೇಳಬೇಕಾದ ಪ್ರಶ್ನೆಗಳು

ಯಾರಾದರೂ ಇಂತಹ ಯಂತ್ರವನ್ನೋ ಏಜೆನ್ಸಿಯನ್ನೋ ನೀಡಲು ಮುಂದೆ ಬಂದಲ್ಲಿ, ಈ ಕೆಳಗಿನವುಗಳಿಗೆ ಲಿಖಿತ ಉತ್ತರ ಪಡೆಯುವುದು ಕ್ಷೇಮ:

1. ಇದು ವಿದ್ಯುತ್ ಕೊಡುವ ಯಂತ್ರವೋ, ವಿದ್ಯುತ್ ಬಳಸುವ ಯಂತ್ರವೋ?
2. ಪ್ರತಿ ಲೀಟರ್ ಎಥನಾಲಿಗೆ ಎಷ್ಟು ಯೂನಿಟ್, ಯಾವ ವೋಲ್ಟೇಜಿನಲ್ಲಿ?
3. ಎಷ್ಟು ಗಂಟೆಗಳ ಸತತ ಬಳಕೆಯ ನಂತರ ಸಾಮರ್ಥ್ಯ ಎಷ್ಟು ಕುಗ್ಗಿದೆ? ಸ್ವತಂತ್ರ ಸಂಸ್ಥೆಯ ಪರೀಕ್ಷಾ ವರದಿ ಇದೆಯೇ?
4. ಉಳಿಯುವ ಅಸಿಟೇಟ್ ದ್ರಾವಣವನ್ನು ಕೊಳ್ಳುವವರು ಯಾರು?
5. ಅಬಕಾರಿ ಅನುಮತಿ ಯಾರ ಹೊಣೆ? ಕೈಗಾರಿಕಾ ಆಲ್ಕೊಹಾಲಿನ ಮೇಲಿನ ನಿಯಂತ್ರಣಾಧಿಕಾರ ರಾಜ್ಯಗಳಿಗಿದೆ ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ ತೀರ್ಪಿತ್ತಿರುವುದನ್ನು ಮರೆಯುವಂತಿಲ್ಲ.

ಸಂಶೋಧನೆ ಮುಂದುವರಿಯುತ್ತಿದೆ, ಅದು ಸ್ವಾಗತಾರ್ಹ. ಆದರೆ ಸಣ್ಣ ಉದ್ಯಮಿಯು ಲೋಹದ ಕಿಲೋ ದರವನ್ನು ನೋಡಿ ಅಲ್ಲ, ಉತ್ಪನ್ನದ ಯೂನಿಟ್ ವೆಚ್ಚವನ್ನು ನೋಡಿ ನಿರ್ಧಾರ ಕೈಗೊಳ್ಳುವುದು ಲೇಸು.